ಕೊಡೆ ಇಟ್ಟು ಬರಲು ಹೋದವರು

ಕರಿಬಟ್ಟೆಯ ಹಳೆಯ ಕೊಡೆಯನ್ನು ಬಹಳ ಕಾಲದ ಮೇಲೆ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಧೂಳು, ನುಸಿಗುಳಿಗೆ, ಹಿಂದೆಂದೋ ಬಿದ್ದ ಮಳೆ ಎಲ್ಲ ಸೇರಿದ ವಾಸನೆ. ಮೊನ್ನೆ ಮತದಾನದ ದಿನ ಬೆಳಿಗ್ಗೆ ಲಷ್ಕರ್ ಮೊಹಲ್ಲಾದಲ್ಲಿ, ತೀರಿಹೋದ ನಂಜುಂಡಯ್ಯನವರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಅವರ ಮಗ ಸದಾಶಿವ ಹೊರಗೆ ಮೋಡ ನೋಡಿ, ಗೋಡೆಯ ಗೂಟದಲ್ಲಿದ್ದ ತಂದೆಯ ಕೊಡೆಯನ್ನು ತೆಗೆದು, ಕಡ್ಡಿಗಳು ನೆಟ್ಟಗಿವೆಯೇ ಎಂದು ಒಮ್ಮೆ ಬಿಚ್ಚಿ ನೋಡಿದರು. ಆ ವಾಸನೆ ಬಂತು. ಸದಾಶಿವ ಏನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ನಾನು ಐವತ್ತರ ದಶಕದ ಒಂದು ಬೇಸಿಗೆಗೆ ಹೋಗಿಬಿಟ್ಟಿದ್ದೆ.

ಆಗ ನಾನು ಊರಿನ ಒಂದು ಸಣ್ಣ ಸಂಜೆ ಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಒಂದೇ ಹಾಳೆ, ಮಡಿಸಿದರೆ ನಾಲ್ಕು ಪುಟ. ಸಂಪಾದಕರು, ಮಾಲೀಕರು, ಕರಡು ತಿದ್ದುವವರು ಎಲ್ಲವೂ ಶಾಂತವೀರಪ್ಪನವರೇ. ವಿಭೂತಿ ಇಟ್ಟುಕೊಂಡು, ಮುಚ್ಚುಕೋಟು ತೊಟ್ಟು, ಬೆಳಿಗ್ಗೆ ಅಚ್ಚುಕೂಟಕ್ಕೆ ಬಂದು ಕುಳಿತರೆ ಪತ್ರಿಕೆ ಬೀದಿಗೆ ಹೋಗುವತನಕ ಏಳುತ್ತಿರಲಿಲ್ಲ. ನನ್ನ ವರದಿಗಳಲ್ಲಿ ವಿಶೇಷಣ ಕಂಡರೆ ಕೆಂಪು ಪೆನ್ಸಿಲಿನಿಂದ ಹೊಡೆದುಹಾಕುತ್ತಿದ್ದರು. "ಕಂಡದ್ದನ್ನ ಬರೀರಿ ಗೌಡ್ರೇ. ಅನ್ನಿಸಿದ್ದನ್ನ ಮನೆಗೆ ತಗೊಂಡು ಹೋಗಿ" ಎನ್ನುತ್ತಿದ್ದರು. ಊರಿನಲ್ಲಿ ಯಾರ ಮೇಲೂ ಅವರು ಕಟುವಾಗಿ ಬರೆದದ್ದಿಲ್ಲ. ಆಳುವವರನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಅಂಥವರು ಆ ಬೇಸಿಗೆಯಲ್ಲಿ, ಜೀವನದಲ್ಲಿ ಮೊದಲ ಸಲ, ಒಂದು ಪಕ್ಷದ ವಿರುದ್ಧ ಮತ ಹಾಕಿ ಎಂದು ಅಗ್ರಲೇಖನ ಬರೆದರು.

ಕಾರಣ ಒಂದು ಹೆರಿಗೆಮನೆ. ಮೊಹಲ್ಲಾದ ನಡುವೆ, ಅಂಗಡಿಸಾಲಿನ ಹಿಂದೆ, ಹೆಂಚಿನ ಮಾಡಿನ ಉದ್ದನೆಯ ಕಟ್ಟಡ. ನೋವು ಬಂದ ಹೆಂಗಸು ಗೋಡೆ ಹಿಡಿದುಕೊಂಡು ನಡೆದೇ ಬಂದು ಸೇರಬಹುದಾದಷ್ಟು ಹತ್ತಿರ. ಮಾರ್ಕೆಟ್ಟಿನ ಹೂವಿನವರು, ಬೀಡಿ ಕಟ್ಟುವವರು, ಜಟಕಾದವರ ಮನೆಯವರು, ನಮ್ಮಂಥ ಗುಮಾಸ್ತರ ಮನೆಯವರು ಎಲ್ಲರ ಮಕ್ಕಳೂ ಅಲ್ಲೇ ಹುಟ್ಟಿದ್ದವು. ಊರಿನ ಮುನಿಸಿಪಲ್ ಕೌನ್ಸಿಲಿನಲ್ಲಿ ಆಳುತ್ತಿದ್ದ ಪಕ್ಷ ಅದನ್ನು ಊರಾಚೆ ಮೇಟಗಳ್ಳಿ ಕಡೆಗೆ ಸಾಗಿಸಿ, ಈ ಜಾಗದಲ್ಲಿ ಮಹಡಿ ಅಂಗಡಿಗಳನ್ನು ಕಟ್ಟಿಸಬೇಕೆಂದು ತೀರ್ಮಾನಿಸಿತ್ತು. ಅಲ್ಲಿ ದೊಡ್ಡ ಕಟ್ಟಡ, ಗಾಳಿ ಬೆಳಕು, ವಿದ್ಯುತ್ ಫ್ಯಾನು ಎಲ್ಲ ಇರುತ್ತದೆ ಎಂದರು. ಇದ್ದದ್ದೂ ನಿಜ. ಆದರೆ ಅಲ್ಲಿಗೆ ಹೋಗಲು ಜಟಕಾ ಬೇಕು, ದಾರಿಯಲ್ಲಿ ರೈಲ್ವೆ ಗೇಟು ಬೇರೆ. ಮೊಹಲ್ಲಾದವರು ಹೋಗಿ ಕೇಳಿಕೊಂಡರು. ಪಕ್ಷದವರು ಕೂರಿಸಿ, ಕಾಫಿ ಕೊಟ್ಟು, ಪರಿಶೀಲಿಸುತ್ತೇವೆ ಎಂದರು. ಪರಿಶೀಲಿಸಲಿಲ್ಲ. ಅವರೇನು ದುಷ್ಟರಲ್ಲ. ಖಾದಿ ಉಟ್ಟವರು, ಕೆಲವರು ಜೈಲಿಗೂ ಹೋಗಿ ಬಂದವರು. ಸೋಲುವ ಭಯ ಇರಲಿಲ್ಲ, ಅಷ್ಟೇ. ಸೋಲುವ ಭಯ ಇಲ್ಲದವರಿಗೆ ಕಿವಿ ನಿಧಾನವಾಗಿ ಮಂದವಾಗುತ್ತದೆ ಎಂಬುದನ್ನು ನಾನು ಕಂಡದ್ದು ಆಗಲೇ.

ಅಷ್ಟರಲ್ಲಿ ಕೌನ್ಸಿಲಿನ ಚುನಾವಣೆ ಬಂತು. ಹೆರಿಗೆಮನೆಯಲ್ಲಿ ದೊಡ್ಡ ನರ್ಸಾಗಿದ್ದು ಆಗತಾನೆ ನಿವೃತ್ತರಾಗಿದ್ದ ದೇವೀರಮ್ಮನವರು ಪಕ್ಷೇತರರಾಗಿ ನಿಂತರು. ನಿಂತರು ಎನ್ನುವುದಕ್ಕಿಂತ ಮೊಹಲ್ಲಾದ ಹೆಂಗಸರು ನಿಲ್ಲಿಸಿದರು. ಗಟ್ಟಿ ಮೈಕಟ್ಟಿನ, ಸಣ್ಣ ಧ್ವನಿಯ ಹೆಂಗಸು. ಹತ್ತಿರದ ಹಳ್ಳಿಯ ಒಕ್ಕಲು ಮನೆಯಿಂದ ಬಂದು ನರ್ಸ್ ಕೆಲಸ ಕಲಿತವರು, ಮಾತಿನಲ್ಲಿ ಹಳ್ಳಿಯನ್ನು ಬಿಟ್ಟಿರಲಿಲ್ಲ. ಅವರಿಗೆ ಸಿಕ್ಕ ಗುರುತು ಕೊಡೆ.

"ಬಿಸ್ಲಿಗೂ ಆಯ್ತದೆ, ಮಳೆಗೂ ಆಯ್ತದೆ, ಒಳ್ಳೆ ಗುರ್ತೇ ಕೊಟ್ಟವ್ರೆ ಬುಡಿ" ಎಂದು ನಕ್ಕರು.

ಪ್ರಚಾರಕ್ಕೆ ಹೋದಾಗ ಯಾರನ್ನೂ ಬೈಯಲಿಲ್ಲ. ಬೈದರೆ ಓಟು ಬರುತ್ತೆ ಕಣಮ್ಮ ಎಂದು ಜೊತೆಯ ಹೆಂಗಸರು ಹೇಳಿದರೆ, "ಪಾರ್ಟಿಯೋರ ಮನೆ ಮಕ್ಳೂ ನನ್ ಕೈಲೇ ಉಟ್ಟಿರೋವು. ಎಂಗ್ ಬಯ್ಯಾದು?" ಎಂದರು. ಒಬ್ಬನಿಗೆ ಮಾತ್ರ ರಿಯಾಯಿತಿ ಇರಲಿಲ್ಲ. ಚಿಕ್ಕಣ್ಣ ಎಂದು, ಆಳುವ ಪಕ್ಷದ ಪರವಾಗಿ ಮೊಹಲ್ಲಾದಲ್ಲಿ ಓಡಾಡುತ್ತಿದ್ದ ಚುರುಕು ಮನುಷ್ಯ. ಒಂದು ದಿನ ಅವನು ಬೀದಿಯಲ್ಲಿ ಅಡ್ಡ ನಿಂತು, "ದೇವೀರಮ್ನೋರೆ, ಈ ವಯಸ್ನಲ್ಲಿ ನಿಮಗ್ಯಾಕೆ ಇವೆಲ್ಲ?" ಎಂದ. ಅವರು ಅವನನ್ನು ಮೇಲಿಂದ ಕೆಳಗೆ ನೋಡಿ, "ಚಿಕ್ಕಣ್ಣ, ನೀ ಉಟ್ಟುವಾಗ್ಲೂ ಕಾಲ್ ಮುಂದಾಗಿ ಅಡ್ಡಡ್ಡ ಬಂದೋನು ಕಣಪ್ಪ. ನಿಮ್ಮವ್ವ ಅವತ್ತು ಪಟ್ಟಿದ್ದು ನಂಗ್ ಗೊತ್ತು. ಈಗ ವಸಿ ದಾರಿ ಬುಡು" ಎಂದರು. ಬೀದಿಯೆಲ್ಲ ನಕ್ಕಿತು. ಚಿಕ್ಕಣ್ಣನೂ ನಕ್ಕು ದಾರಿ ಬಿಟ್ಟ.

ಶಾಂತವೀರಪ್ಪನವರ ಅಗ್ರಲೇಖನದ ತಲೆಬರಹ "ಮನೆಯಲ್ಲಿರುವ ಸಜ್ಜನರಿಗೆ" ಎಂದು. ಅದರ ಕರಡು ನನ್ನ ಕೈಯಿಂದಲೇ ದಾಟಿದ್ದು, ಸಾರಾಂಶ ಇನ್ನೂ ನೆನಪಿದೆ. ಗಟ್ಟಿಯಾಗಿ ಕೂಗುವವರು ಎರಡು ಕಡೆಯೂ ಇದ್ದಾರೆ, ಅವರು ಹೇಗೂ ಹೋಗಿ ಮತ ಹಾಕುತ್ತಾರೆ. ಈ ಊರನ್ನು ನಡೆಸಬೇಕಾದವರು ಕೂಗದವರು. ಅವರ ಅಭಿಪ್ರಾಯಗಳು ಸರಿಯಾಗಿವೆ, ಆದರೆ ಪಡಸಾಲೆಯನ್ನು ದಾಟುವುದಿಲ್ಲ. ಆಳುವವರ ಮೇಲೆ ನಮಗೆ ದ್ವೇಷವಿಲ್ಲ. ದ್ವೇಷವಿಲ್ಲದವರೂ ಒಮ್ಮೆ ಎದ್ದುಹೋಗಿ ಇಲ್ಲ ಎಂದು ಹೇಳಬಹುದು ಎಂಬುದು ಆಳುವವರಿಗೆ ಗೊತ್ತಾಗಬೇಕು. ಇಷ್ಟು. ಅಚ್ಚುಮೊಳೆ ಜೋಡಿಸುವವನು ಕೈ ನಿಲ್ಲಿಸಿ, "ಸ್ವಾಮ್ಯೋರೆ, ಇದು ಹೋಗ್ಬೋದಾ?" ಎಂದು ಕೇಳಿದ. "ಹೋಗ್ಲಿ" ಎಂದರು ಶಾಂತವೀರಪ್ಪನವರು. ಮರುವಾರದಿಂದ ಕೌನ್ಸಿಲಿನ ಟೆಂಡರ್ ನೋಟೀಸುಗಳು ನಮ್ಮ ಪತ್ರಿಕೆಗೆ ಬರುವುದು ನಿಂತಿತು. ಆ ವಿಷಯವನ್ನು ಅವರು ಯಾರ ಹತ್ತಿರವೂ ಎತ್ತಲಿಲ್ಲ. ಆ ಜಾಗದಲ್ಲಿ ಪಂಚಾಂಗ ಹಾಕಿದೆವು.

ಆ ಸಜ್ಜನರು ಯಾರೆಂದು ನಮಗೆ ಚೆನ್ನಾಗಿ ಗೊತ್ತಿತ್ತು. ಮೊಹಲ್ಲಾದ ಆಚೆ ತುದಿಯ ಓಣಿಗಳಲ್ಲಿ ಪಿಂಚಣಿದಾರರು, ಮೇಷ್ಟರು, ಬಟ್ಟೆ ಅಂಗಡಿಯವರು ಇದ್ದರು. ಸಂಜೆಯಾದರೆ ಅವರೆಲ್ಲ ಪಾರ್ಕಿನ ಕಲ್ಲುಬೆಂಚಿನಲ್ಲಿ ಸೇರುತ್ತಿದ್ದರು. ಅವರಲ್ಲಿ ಹಿರಿಯರು ನಂಜುಂಡಯ್ಯನವರು. ಹಿಂದೆ ಅರಸರ ಕಾಲದ ಹುಜೂರು ಕಚೇರಿಯಲ್ಲಿ ಗುಮಾಸ್ತರ ಮೇಲೆ ಶಿರಸ್ತೇದಾರರಾಗಿದ್ದವರು. ಜರಿಪೇಟ ಬಿಟ್ಟಿದ್ದರೂ ಜರಿಪೇಟ ಇಟ್ಟವರ ಹಾಗೆಯೇ ಕತ್ತು ನೆಟ್ಟಗಿರುತ್ತಿತ್ತು. ಬೆತ್ತದ ಹಿಡಿಯ ಕೊಡೆ ಇಲ್ಲದೆ ಅವರು ಬೀದಿಗೆ ಇಳಿದದ್ದನ್ನು ನಾನು ನೋಡಿಲ್ಲ. ಬೆಂಚಿನವರೆಲ್ಲರೂ ಹಾಗೆಯೇ. ಬಿಸಿಲಿಗೆ, ಮಳೆಗೆ, ನಾಯಿಗೆ, ಮಾತಿನ ನಡುವೆ ನೆಲಕ್ಕೆ ಕುಟ್ಟುವುದಕ್ಕೆ ಒಂದು ಕೊಡೆ.

ಅಗ್ರಲೇಖನ ಬಂದ ಸಂಜೆ ನಾನು ಬೆಂಚಿನ ಹತ್ತಿರ ಹೋದೆ.

"ಬನ್ನಿ ಗೌಡ್ರೇ, ನಿಮ್ಮ ಸಂಪಾದಕರು ನಮ್ಮನ್ನ ಸಜ್ಜನರು ಅಂದುಬಿಟ್ಟಿದ್ದಾರೆ" ಎಂದರು ನಂಜುಂಡಯ್ಯನವರು. "ದೇವೀರಮ್ಮನಿಗಲ್ಲದೆ ಇನ್ಯಾರಿಗೆ ಹಾಕ್ತೀವಿ ಹೇಳಿ? ನನ್ನ ಮಕ್ಕಳೆಲ್ಲ ಆಕೆ ಕೈಗೇ ಬಿದ್ದವು."

"ಕಳೆದ ಸಲ ಹಾಕಿದ್ರಾ ಸರ್?"

"ಕಳೆದ ಸಲ ಹೋಗೋಕಾಗ್ಲಿಲ್ಲ. ಅವತ್ತು ಮನೇಲಿ ಏನೋ ಇತ್ತು."

"ನಿದ್ದೆ ಇತ್ತು ಕಣ್ರೀ" ಎಂದರು ಪಕ್ಕದ ಮೇಷ್ಟರು. "ನಾನು ಕೂಗೋಕೆ ಹೋಗಿದ್ದೆ, ಗೊರಕೆ ಬೀದಿಗೆ ಕೇಳಿಸ್ತಾ ಇತ್ತು."

"ನೀವು ಯಾಕೆ ಹೋಗ್ಲಿಲ್ಲ ಹಾಗಾದ್ರೆ?" ಎಂದರು ನಂಜುಂಡಯ್ಯನವರು.

"ನಿಮ್ಮನ್ನ ಬಿಟ್ಟು ಹೋಗೋದು ಚೆನ್ನಾಗಿರುತ್ತಾ?"

ಎಲ್ಲರೂ ನಕ್ಕರು. ಆದರೆ ಈ ಸಲ ಹೋಗುವುದೆಂದು ಎಲ್ಲರೂ ಮಾತು ಕೊಟ್ಟರು. ಅದು ಸುಳ್ಳು ಮಾತಾಗಿರಲಿಲ್ಲ. ಅವರ ಮುಖಗಳಲ್ಲಿ ನಾನು ಅಷ್ಟು ಹುರುಪನ್ನು ಹಿಂದೆ ಕಂಡಿರಲಿಲ್ಲ. ಒಬ್ಬರಂತೂ ಕೊಡೆಯನ್ನು ಎತ್ತಿ ತೋರಿಸಿ, "ಗುರುತು ಕೈಯಲ್ಲೇ ಇದೆ" ಎಂದರು.

ಮತದಾನಕ್ಕೆ ಎರಡು ದಿನ ಮುಂಚೆ ದೇವೀರಮ್ಮನವರು ಹೆರಿಗೆಮನೆಯ ಎದುರು ಒಂದು ಸಣ್ಣ ಸಭೆಯಲ್ಲಿ ಮಾತಾಡಿದರು. "ಕೂಲಿ ಮಾಡೋರು, ವ್ಯಾಪಾರ ಮಾಡೋರು ಬೆಳಗ್ಗೇನೇ ಓಟ್ ಹಾಕ್ ಓಗ್ಲಿ. ಅವ್ರಿಗೆ ಒತ್ತು ಅಂದ್ರೆ ಊಟ. ಪುರ್ಸೊತ್ತಿರೋರು ವಸಿ ತಡೆದು ಬನ್ನಿ. ಯಾರೂ ನೂಕಾಡ್ಬೇಡಿ" ಎಂದರು. ಅವರು ಹೆರಿಗೆಮನೆಯನ್ನು ನಡೆಸಿದ್ದೂ ಹೀಗೆಯೇ. ಯಾರಿಗೆ ನೋವು ಜಾಸ್ತಿಯೋ ಅವರಿಗೆ ಮೊದಲ ಮಂಚ. ಆ ಮಾತನ್ನು ನಾವು ಮೊದಲ ಪುಟದಲ್ಲೇ ಹಾಕಿದೆವು. ಓಣಿಗಳಲ್ಲಿ ಅದು ಎಲ್ಲರಿಗೂ ಬಹಳ ಹಿಡಿಸಿತು. ಎಷ್ಟು ಸಭ್ಯವಾದ ಮಾತು ಎಂದುಕೊಂಡರು.

ಮತದಾನದ ದಿನ ಬೆಳಿಗ್ಗೆ, ಮತಗಟ್ಟೆಯಾಗಿದ್ದ ಪ್ರೈಮರಿ ಶಾಲೆಗೆ ಹೋಗುವ ದಾರಿಯಲ್ಲಿ ನಂಜುಂಡಯ್ಯನವರ ಮನೆಯ ಮುಂದೆ ನಿಂತೆ. ಅವರಿಗೆ ದಿನವೂ ಪೂಜೆಗೆ ಹೂ ಕೊಡುತ್ತಿದ್ದ ಸಾಕಮ್ಮ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿಕೊಂಡು ಮಲ್ಲಿಗೆ ಅಳೆಯುತ್ತಿದ್ದಳು. ಅವಳ ಸೊಸೆ ರತ್ನ ಆಗ ಬಸುರಿ. ಮಳೆಗಾಲ ಹಿಡಿಯುವ ಹೊತ್ತಿಗೆ ದಿನ ತುಂಬುತ್ತಿತ್ತು.

"ಬುದ್ದಿಯೋರೆ, ಓಟ್ ಆಯ್ತಾ?" ಎಂದಳು.

"ನೀನು ಹೋಗಮ್ಮ. ನಿನಗೆ ವ್ಯಾಪಾರ ಇದೆ. ನಾವು ಆಮೇಲೆ ಹೋಗ್ತೀವಿ, ಜನ ಕಮ್ಮಿ ಆಗ್ಲಿ."

"ನಾ ಓಗಿದ್ದೆ. ಲೈನು ಬಾವಿ ತಂಕ ಅದೆ. ನಿಂತ್ಕಂಡ್ರೆ ಊವ ಬಾಡೋಯ್ತದೆ ಅಂತ ಬಂದ್ಬುಟ್ಟೆ. ಸಂಜೆ ಮಾರ್ಕೊಂಡು ಓಯ್ತೀನಿ. ಮರೀಬೇಡಿ ಬುದ್ದಿ, ನಮ್ ರತ್ನನ್ನ ಆ ಗೇಟ್ ದಾಟ್ಸಿ ಕರ್ಕಂಡೋಗಾದು ನನ್ ಕೈಲಾಗಲ್ಲ."

"ಮರೆಯೋದುಂಟೇನಮ್ಮ" ಎಂದರು ನಂಜುಂಡಯ್ಯನವರು.

ಶಾಲೆಯಲ್ಲಿ ಬೆಳಿಗ್ಗೆಯೆಲ್ಲ ಜನವಿತ್ತು. ಆಳುವ ಪಕ್ಷದವರು ತಮ್ಮವರನ್ನು ಬೀದಿಬೀದಿಯಿಂದ ಕರೆತಂದು ನಿಲ್ಲಿಸಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ, ಎಲ್ಲರೂ ಮಾಡುವುದೇ. ದೇವೀರಮ್ಮನವರ ಕಡೆಯ ಹೆಂಗಸರೂ ಮಗು ಎತ್ತಿಕೊಂಡು ಬಂದು ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ಅಂಗಳ ಖಾಲಿಯಾಯಿತು. ಬಿಸಿಲು ಹೆಂಚಿನ ಮೇಲೆ ಕುಣಿಯುತ್ತಿತ್ತು. ಮತಗಟ್ಟೆಯ ಅಧಿಕಾರಿ ತೂಕಡಿಸಿದರು. ಚಿಹ್ನೆ ಅಂಟಿಸಿದ ಪೆಟ್ಟಿಗೆಗಳು ಮರೆಯಲ್ಲಿ ಸುಮ್ಮನೆ ಕುಳಿತಿದ್ದವು. ಯಾರೊಬ್ಬರಾದರೂ ಆಗ ಬಂದಿದ್ದರೆ ಚಪ್ಪಲಿ ಬಿಟ್ಟು ಹಾಕುವಷ್ಟರಲ್ಲಿ ಮತ ಹಾಕಿ ಹೋಗಬಹುದಿತ್ತು. ಆದರೆ ಅದು ಓಣಿಗಳಲ್ಲಿ ಊಟ ಮಾಡಿ ಒರಗುವ ಹೊತ್ತು.

ನಾಲ್ಕರ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿತು. ಭರಣಿ ಮಳೆಯ ದಿನಗಳು. ಮಿಲ್ಲಿನವರು, ಮಾರ್ಕೆಟ್ಟಿನವರು ಕೆಲಸ ಮುಗಿಸಿ ಬರತೊಡಗಿದರು. ಸಾಲು ಮತ್ತೆ ಬೆಳೆಯಿತು. ಆಗ ಓಣಿಗಳ ಕಡೆಯಿಂದ ಅವರು ಬಂದರು. ಮುಂದೆ ನಂಜುಂಡಯ್ಯನವರು, ಹಿಂದೆ ಮೇಷ್ಟರು, ಬಟ್ಟೆ ಅಂಗಡಿಯವರು, ಬೆಂಚಿನವರೆಲ್ಲರೂ, ಅವರ ನೆರೆಯವರು, ಕೆಲವರ ಮನೆಯ ಹೆಂಗಸರು. ಇಸ್ತ್ರಿ ಮಾಡಿದ ಪಂಚೆ, ರೇಷ್ಮೆ ಸೀರೆ. ಮದುವೆಗೆ ಹೊರಟ ದಿಬ್ಬಣದ ಹಾಗಿತ್ತು. ಮೋಡ ನೋಡಿಕೊಂಡು ಹೊರಟವರು, ಎಲ್ಲರ ಕೈಯಲ್ಲೂ ಕೊಡೆ.

ಗೇಟಿನಲ್ಲಿ ಚಿಕ್ಕಣ್ಣನಿದ್ದ. ಅವನು ಆ ಕೊಡೆಗಳ ಸಾಲನ್ನು ನೋಡಿ ಒಂದು ಕ್ಷಣ ಬಾಯಿ ಬಿಟ್ಟು ನಿಂತ. ಆಮೇಲೆ ಕೈ ಮುಗಿದು ಮುಂದೆ ಬಂದ.

"ಸ್ವಾಮಿ, ತಾವು ಕಾನೂನು ಬಲ್ಲೋರು. ತಮಗೆ ನಾ ಏಳ್ಬೇಕಾ? ಕೊಡೆ ಅವ್ರ ಗುರ್ತು. ಇಷ್ಟ್ ಕೊಡೆ ಇಡ್ಕಂಡ್ ಒಳೀಕ್ ಬಂದ್ರೆ ಪ್ರಚಾರ ಆಯ್ತದಲ್ವಾ?"

"ಏನಯ್ಯಾ, ಇದು ನನ್ನ ಸ್ವಂತ ಕೊಡೆ" ಎಂದರು ನಂಜುಂಡಯ್ಯನವರು.

"ಸ್ವಂತದ್ದೇ ಸ್ವಾಮಿ. ಗುರ್ತೂ ಅದೇ ಅಲ್ವಾ? ನಮ್ದು ಎತ್ತಿನ ಗುರ್ತಾಗಿದ್ದು ನಾ ಎತ್ತು ಒಡ್ಕಂಡ್ ಬಂದಿದ್ರೆ ತಾವು ಬುಡ್ತಿದ್ರಾ?"

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಗಲಾಟೆ ಕೇಳಿ ಅಧಿಕಾರಿ ಹೊರಗೆ ಬಂದರು. ಅವರು ಒಂದು ಕಾಲದಲ್ಲಿ ನಂಜುಂಡಯ್ಯನವರ ಕೈಕೆಳಗೆ ಗುಮಾಸ್ತರಾಗಿದ್ದವರು. ಹಳೆಯ ಅಭ್ಯಾಸಕ್ಕೆ ಕೈ ಕಟ್ಟಿಕೊಂಡು ನಿಂತರು. "ಸಾರ್, ಆಕ್ಷೇಪಣೆ ಬಂದಿದೆ. ಕೊಡೆ ಹೊರಗಿಟ್ಟು ಬಂದುಬಿಡಿ ಸಾರ್, ಅಷ್ಟೇ ಸಾಕು" ಎಂದರು. ಗೇಟಿನ ಪಕ್ಕದ ಗೋಡೆಯನ್ನೂ ಕೈಯಿಂದ ತೋರಿಸಿದರು.

ಅಲ್ಲಿ ಒರಗಿಸಿ ಒಳಗೆ ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ನಂಜುಂಡಯ್ಯನವರು ಗೋಡೆಯನ್ನು ನೋಡಿದರು, ಕೊಡೆಯನ್ನು ನೋಡಿದರು, ತಲೆಯಾಡಿಸಿದರು.

"ಅದು ಕ್ರಮ ಅಲ್ಲ" ಎಂದರು. "ನೂರು ಗಜದೊಳಗೆ ಗುರುತು ಇರಕೂಡದು ಅಂದ್ರೆ ಗೋಡೆ ಪಕ್ಕದಲ್ಲೂ ಇರಕೂಡದು. ನಾಳೆ ಯಾರಾದ್ರೂ ತಕರಾರು ತೆಗೆದ್ರೆ ಆಯಮ್ಮನ ಚುನಾವಣೆಗೇ ಕುತ್ತು. ನಾವು ಮನೇಲಿ ಇಟ್ಟೇ ಬರ್ತೀವಿ."

"ಸಾರ್, ಹೊತ್ತಾಗುತ್ತೆ" ಎಂದರು ಅಧಿಕಾರಿ.

"ಐದು ಗಂಟೆತನಕ ಇದೆಯಲ್ರೀ. ಧಾರಾಳವಾಗಿದೆ."

ಅವರು ತಿರುಗಿದರು. ದಿಬ್ಬಣವೂ ತಿರುಗಿತು. ಒಬ್ಬರೂ ಎದುರಾಡಲಿಲ್ಲ. ಬಟ್ಟೆ ಅಂಗಡಿಯವರು ಮಾತ್ರ ಒಮ್ಮೆ ಹಿಂದಿರುಗಿ ನೋಡಿದರು. ಜೇಬಿನಲ್ಲಿ ವರದಿಗಾರನ ಪಾಸು ಇಟ್ಟುಕೊಂಡು ಬೇವಿನ ಮರದ ಕೆಳಗೆ ನಿಂತಿದ್ದ ನಾನು, ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡೆ. ಚಿಕ್ಕಣ್ಣ ನನ್ನ ಹತ್ತಿರ ಬಂದು ಬೀಡಿ ಹಚ್ಚಿದ. "ಜಗಳಕ್ ನಿಂತ್ಕತಾರೆ ಅಂದ್ಕಂಡಿದ್ದೆ ಕಣ್ರೀ ಗೌಡ್ರೇ. ಓಗೇಬುಟ್ರು!" ಎಂದ. ಅವನ ಧ್ವನಿಯಲ್ಲಿ ಗೆದ್ದವನ ಸಂತೋಷ ಇರಲಿಲ್ಲ, ಆಶ್ಚರ್ಯವಿತ್ತು.

ಅವರು ಓಣಿಯ ತಿರುವು ದಾಟಿ ಸ್ವಲ್ಪ ಹೊತ್ತಿಗೆ ಮಳೆ ಬಂತು. ಮೊದಲು ಗಾಳಿ, ಆಮೇಲೆ ಗೋಲಿ ಗಾತ್ರದ ಹನಿ, ಆಮೇಲೆ ಆಲಿಕಲ್ಲು ಬೆರೆತ ಜಡಿಮಳೆ. ಅಂಗಳದಲ್ಲಿ ಕೆಂಪು ನೀರು ನಿಂತಿತು. ಸಾಲಿನಲ್ಲಿದ್ದವರು ಕದಲಲಿಲ್ಲ. ಮಿಲ್ಲಿನವರು ಟವೆಲ್ಲನ್ನು ತಲೆಗೆ ಸುತ್ತಿಕೊಂಡರು. ಹೆಂಗಸರು ಸೆರಗು ಹೊದ್ದು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತರು. ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು, ಖಾಲಿ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು, ಸಾಕಮ್ಮ ಗೇಟಿನೊಳಗೆ ಓಡಿಬಂದಳು. ನನ್ನನ್ನು ಕಂಡು, "ನಮ್ ಬುದ್ದಿಯೋರು ಬಂದೋದ್ರಾ?" ಎಂದು ಕೇಳಿದಳು.

"ಬಂದಿದ್ರು. ಮತ್ತೆ ಬರ್ತಾರೆ" ಎಂದೆ.

ಐದಕ್ಕೆ ಶಾಲೆಯ ಜವಾನ ಗಂಟೆ ಹೊಡೆದು ಗೇಟು ಮುಚ್ಚಿದ. ಒಳಗಿದ್ದವರಿಗೆಲ್ಲ ಚೀಟಿ ಕೊಟ್ಟರು. ಸಾಕಮ್ಮನಿಗೂ ಸಿಕ್ಕಿತು. ಅವಳು ಮರೆಯ ಹಿಂದೆ ಹೋಗಿ ಬರುವಾಗ ಗೋಣಿಯಿಂದ ನೀರು ಸೋರಿ ತರಗತಿಯ ನೆಲದ ಮೇಲೆ ಗೆರೆಯಾಯಿತು.

ಮಳೆ ಬಂದಷ್ಟೇ ಬೇಗ ನಿಂತಿತು. ಎಲೆಗಳಿಂದ ಹನಿ ಬೀಳುತ್ತಿತ್ತು, ಪಡುವಣದಲ್ಲಿ ಬಿಸಿಲು ಬಂದಿತ್ತು. ಆಗ ಓಣಿಯ ತಿರುವಿನಲ್ಲಿ ಅವರು ಕಾಣಿಸಿಕೊಂಡರು. ಇಸ್ತ್ರಿ ಕೆಡದ ಒಣ ಪಂಚೆಯಲ್ಲಿ, ಕೊಚ್ಚೆ ತಪ್ಪಿಸಿಕೊಂಡು ಕಾಲಿಡುತ್ತಾ, ಬರಿಗೈಯಲ್ಲಿ ಬಂದರು. ಕೊಡೆಯನ್ನು ಮನೆಯಲ್ಲಿ ಇಟ್ಟಿದ್ದರು. ಕೊಡೆಯಿಲ್ಲದೆ ಆ ಮಳೆಯಲ್ಲಿ ಹೊರಡುವುದು ಹೇಗೆಂದು ಕಾದಿದ್ದರು. ನಂಜುಂಡಯ್ಯನವರು ಮುಚ್ಚಿದ ಗೇಟಿನ ಸರಳುಗಳನ್ನು ಹಿಡಿದು ಒಳಗೆ ನೋಡಿದರು.

"ಆಗಿಹೋಯ್ತೇನ್ರೀ?" ಎಂದರು.

ಅಧಿಕಾರಿ ತಲೆ ತಗ್ಗಿಸಿದರು. ಚಿಕ್ಕಣ್ಣ ಒಳಗಿನಿಂದಲೇ ನಮಸ್ಕಾರ ಮಾಡಿದ. ಅದರಲ್ಲಿ ಅಣಕವಿರಲಿಲ್ಲ ಎಂದೇ ನನಗೆ ಈಗಲೂ ಅನಿಸುತ್ತದೆ.

ದೇವೀರಮ್ಮನವರು ಸೋತರು. ಅಂತರ ಎಷ್ಟು ಸಣ್ಣದೆಂದರೆ, ಆ ಸಂಜೆ ಗೇಟಿನಿಂದ ಹಿಂದಿರುಗಿದ ಕೊಡೆಗಳಲ್ಲಿ ಅರ್ಧ ಒಳಗೆ ಹೋಗಿದ್ದರೂ ಗೆಲ್ಲುತ್ತಿದ್ದರು. ನನ್ನ ವರದಿಯಲ್ಲಿ ನಾನು "ದುರದೃಷ್ಟವಶಾತ್" ಎಂಬ ಒಂದು ಪದ ಬಳಸಿದ್ದೆ. ಶಾಂತವೀರಪ್ಪನವರು ಕೆಂಪು ಪೆನ್ಸಿಲ್ ಎತ್ತಿ, ಅದರ ಮೇಲೆ ಗೆರೆ ಎಳೆದು, "ಅದೃಷ್ಟ ಇದರಲ್ಲಿ ಎಲ್ಲಿ ಬಂತು ಗೌಡ್ರೇ?" ಎಂದರು. ಆ ದಿನ ಅವರು ಮುಂಚೆಯೇ ಎದ್ದು ಮನೆಗೆ ಹೋದರು.

ಮಾರನೆಯ ದಿನ ನಂಜುಂಡಯ್ಯನವರು ಅಚ್ಚುಕೂಟಕ್ಕೆ ಬಂದರು. ಬಿಸಿಲಿತ್ತು, ಕೈಯಲ್ಲಿ ಕೊಡೆ ಇತ್ತು. ಸಂಪಾದಕರಿಗೆ ಒಂದು ಪತ್ರ ತಂದಿದ್ದರು. ಮತದಾರನ ಸ್ವಂತ ಉಪಯೋಗದ ವಸ್ತುವನ್ನು ಪ್ರಚಾರ ಸಾಮಗ್ರಿಯೆಂದು ಭಾವಿಸುವುದು ನ್ಯಾಯವೇ, ಮುಂದಿನ ಚುನಾವಣೆಗಳಲ್ಲಿ ಇದಕ್ಕೆ ಸ್ಪಷ್ಟ ನಿಯಮ ಬೇಡವೇ ಎಂದು, ಹಳೆಯ ಹುಜೂರು ಶೈಲಿಯಲ್ಲಿ, ಒಂದು ಅಕ್ಷರವೂ ಹೆಚ್ಚುಕಡಿಮೆಯಿಲ್ಲದ ಹಾಗೆ ಬರೆದಿದ್ದರು. ತಿದ್ದಲು ಏನೂ ಇರಲಿಲ್ಲ. ಶಾಂತವೀರಪ್ಪನವರು ಅದನ್ನು ಇದ್ದ ಹಾಗೆಯೇ ಹಾಕಿದರು.

ಪತ್ರಿಕೆಯನ್ನು ಹಿಡಿದುಕೊಂಡು ನಾನು ದೇವೀರಮ್ಮನವರ ಮನೆಗೆ ಹೋದೆ. ಸೋತ ಅಭ್ಯರ್ಥಿಯ ಅಭಿಪ್ರಾಯ ಕೇಳಬೇಕಿತ್ತು. ಅವರು ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸದೆ ಪತ್ರವನ್ನು ನನ್ನಿಂದ ಓದಿಸಿ ಕೇಳಿದರು.

"ಶಿರಸ್ತೇದಾರ್ರು ಬೋ ಚೆಂದಾಗ್ ಬರ್ದವ್ರೆ" ಎಂದರು. ಮೊರವನ್ನು ಒಮ್ಮೆ ಕೇರಿದರು. "ನೆನ್ಕಂಡ್ ಬಂದಿದ್ರೆ ಆಗಿತ್ತು."

"ಇದನ್ನ ಹಾಕಬಹುದಾ?" ಎಂದೆ.

"ಬ್ಯಾಡ ಬುಡಿ. ವಯಸ್ಸಾದೋರು, ನೊಂದ್ಕತಾರೆ."

ಮುಂಗಾರು ಹಿಡಿಯುವ ಮುಂಚೆಯೇ ಮಂಚಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋದರು. ಹೆರಿಗೆಮನೆಯ ಬಾಗಿಲಿಗೆ ಬೀಗ ಬಿತ್ತು. ಆಷಾಢದಲ್ಲಿ ಒಂದು ಮಧ್ಯಾಹ್ನ ರತ್ನನಿಗೆ ನೋವು ಬಂತು. ಸಾಕಮ್ಮ ದೇವೀರಮ್ಮನವರನ್ನು ಕರೆದುಕೊಂಡು, ಜಟಕಾ ಹಿಡಿದು ಮೇಟಗಳ್ಳಿ ದಾರಿ ಹಿಡಿದಳು. ಅರ್ಧ ದಾರಿಯಲ್ಲಿ ರೈಲ್ವೆ ಗೇಟು ಮುಚ್ಚಿತ್ತು. ಗೂಡ್ಸ್ ಗಾಡಿ ಶಂಟಿಂಗ್ ಮಾಡುತ್ತಿತ್ತು. ಮುಂದಕ್ಕೆ ಹೋಗುವುದು, ಹಿಂದಕ್ಕೆ ಬರುವುದು. ಮಳೆಗೆ ಪರದೆ ಇಳಿಬಿಟ್ಟ ಜಟಕಾದಲ್ಲೇ ಮಗು ಹುಟ್ಟಿತು. ಅಳಲಿಲ್ಲ.

ವಿಷಯ ಖಚಿತ ಮಾಡಿಕೊಳ್ಳಲು ಮಾರನೆಯ ದಿನ ಹೋದೆ. ದೇವೀರಮ್ಮನವರು ಗೋಡೆಗೆ ಒರಗಿ ಕುಳಿತಿದ್ದರು. ಅವರು ಹಾಗೆ ಕೈ ಖಾಲಿಯಿಟ್ಟುಕೊಂಡು ಕುಳಿತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಒಕ್ಕುಳ್ಬಳ್ಳಿ ಕತ್ಗೆ ಸುತ್ತಾಕ್ಕಂಡಿತ್ತು ಗೌಡ್ರೆ. ಮಂಚದ್ ಮ್ಯಾಲೆ, ಬೆಳಕ್ನಲ್ಲಿ ಇದ್ದಿದ್ರೆ ಅಳ್ಸ್ಬುಡ್ತಿದ್ದೆ. ಎಷ್ಟ್ ಅಳ್ಸಿಲ್ಲ ಅಂಥವ? ಆ ಕತ್ಲೆ ಗಾಡಿಲಿ ಕೈಯೇ ಕಾಣ್ನಿಲ್ಲ" ಎಂದರು.

ಎರಡು ಸಾಲಿನ ವರದಿ ಕೊಟ್ಟೆ. ಅದರಲ್ಲಿ ಹೊಡೆದುಹಾಕುವ ಪದ ಯಾವುದೂ ಇರಲಿಲ್ಲ.

ಸಾಕಮ್ಮ ಕೆಲವು ದಿನ ಕಾಣಲಿಲ್ಲ. ಆಮೇಲೆ ಮತ್ತೆ ಬುಟ್ಟಿ ಹೊತ್ತುಕೊಂಡು ಓಣಿಗೆ ಬಂದಳು. ನಂಜುಂಡಯ್ಯನವರ ಮೆಟ್ಟಿಲ ಮೇಲೆ ಕುಳಿತು, ಎಂದಿನ ಹಾಗೆಯೇ ಅಳೆದು, ಎಂದಿನ ಹಾಗೆಯೇ ಒಂದು ಗೇಣು ಕೊಸರು ಹಾಕಿ ಹೂ ಕೊಟ್ಟಳು. ಅಂದಿನಿಂದ ಹೂ ತೆಗೆದುಕೊಳ್ಳಲು ನಂಜುಂಡಯ್ಯನವರು ಹೊರಗೆ ಬರುತ್ತಿರಲಿಲ್ಲ, ಅವರ ಹೆಂಡತಿ ಬರುತ್ತಿದ್ದರು. ಮುಂದಿನ ಚುನಾವಣೆ ಬರುವ ಮೊದಲೇ ನಂಜುಂಡಯ್ಯನವರು ತೀರಿಕೊಂಡರು. ಶಾಂತವೀರಪ್ಪನವರೂ ಹೋದರು, ಪತ್ರಿಕೆಯೂ ನಿಂತಿತು. ಮಹಡಿ ಅಂಗಡಿಗಳು ಎದ್ದವು. ಅಲ್ಲೀಗ ಪಾತ್ರೆ ಮಾರುತ್ತಾರೆ. ಆಮೇಲೆ 'ಮತ ಹಾಕಲು ಬನ್ನಿ' ಎಂಬ ಅಗ್ರಲೇಖನಗಳನ್ನು ಬೇರೆ ಪತ್ರಿಕೆಗಳಲ್ಲಿ ನಾನೂ ಬರೆದಿದ್ದೇನೆ. ಓದಿದವರು ಚೆನ್ನಾಗಿದೆ ಎಂದಿದ್ದಾರೆ. ಇಂದಿಗೂ ಅದೇ ಪಕ್ಷ ಆಳುತ್ತಿದೆ. ಓಣಿಗಳಲ್ಲಿ ಅದರ ಬಗ್ಗೆ ಒಳ್ಳೆಯ ಮಾತು ಕೇಳಿ ಬಹಳ ಕಾಲವಾಯಿತು. ದೂರು ಕೇಳಿಸುವುದೂ ಪಡಸಾಲೆಯಲ್ಲಿ ಮಾತ್ರ.

"ಸರ್, ಏನು ಯೋಚನೆ ಮಾಡ್ತಿದ್ದೀರಿ?" ಎಂದರು ಸದಾಶಿವ. "ಈ ಸಲ ಅವರನ್ನ ಇಳಿಸ್ಲೇಬೇಕು ಅಂತಿದ್ದೆ. ಏನಂತೀರಿ?"

"ಮತ ಹಾಕಿದ್ರಾ?"

"ಇಲ್ಲ ಸರ್. ಈಗ ರಶ್ಶು. ಜನ ಸ್ವಲ್ಪ ಕಮ್ಮಿ ಆಗ್ಲಿ, ಊಟ ಮುಗಿಸ್ಕೊಂಡು ಹೋಗೋಣ. ಕೂತ್ಕೊಳ್ಳಿ, ಕಾಫಿ ಬರುತ್ತೆ."

ನಾನು ಎದ್ದೆ. ನಿವೃತ್ತನಾಗಿ ಎರಡು ವರ್ಷ ಆಗಿದೆ. ಜೇಬಿನಲ್ಲಿ ಪಾಸು ಇಲ್ಲ. ಮರದ ಕೆಳಗೆ ನಿಂತು ಬರೆದುಕೊಳ್ಳುವುದು ಈಗ ನನ್ನ ಕೆಲಸವಲ್ಲ.

"ಕಾಫಿ ಆಮೇಲೆ. ಚಪ್ಪಲಿ ಹಾಕ್ಕೊಳ್ಳಿ" ಎಂದೆ.

"ಈಗ್ಲೇ?"

"ಈಗ್ಲೇ. ಮನೆಯವರನ್ನೂ ಕರೀರಿ. ಪಕ್ಕದ ಮನೆಯವರನ್ನೂ ಕೂಗಿ."

ಸದಾಶಿವ ನನ್ನ ಮುಖ ನೋಡಿದರು. ಒಳಗೆ ಹೋಗಿ ಹೆಂಡತಿಯನ್ನು ಕರೆದು ಬಂದರು. ಹೊಸ್ತಿಲು ದಾಟುವಾಗ, ಮತ್ತೆ ಗೂಟಕ್ಕೆ ತೂಗುಹಾಕಿದ್ದ ತಂದೆಯ ಕೊಡೆಯ ಕಡೆಗೆ ಅವರ ಕೈ ಹೋಯಿತು.

"ಅದು ಅಲ್ಲೇ ಇರ್ಲಿ" ಎಂದೆ.

"ಮೋಡ ಆಗಿದೆ ಸರ್. ಮಳೆ ಬಂದ್ರೆ?"

"ನೆನೆಯೋಣ."